ಎಡಗಡೆಯ ಸೈಡ್‌ವಿಂಗ್

ಸೆಪ್ಟೆಂಬರ್ 10, ಮಂಗಳವಾರ

ಬೆಳಿಗ್ಗೆ ಬಿ.ಸಿ. ರೋಡಿನ ಸ್ಟುಡಿಯೋ. ಮೂರು ಅನೌನ್ಸ್‌ಮೆಂಟ್ ಮುಗಿಸಿದೆ. ಕಣ್ಣಿನ ಶಿಬಿರ, ಸೀರೆ ಸೇಲ್, ಗಣೇಶನ ಶೋಭಾಯಾತ್ರೆ. ಮೂರಕ್ಕೂ ಒಂದೇ ಸ್ವರ — ಸಾಮ್ರಾಜ್ಯ ಬಿದ್ದುಹೋಗುತ್ತಿದೆ ಎನ್ನುವ ಸ್ವರ. ರೆಕಾರ್ಡಿಂಗಿನ ಮನೀಷ್ ಗಾಜಿನಾಚೆಯಿಂದ ಕೈಮುಗಿದ.

"ಅಮ್ಮಣ್ಣಿಯಕ್ಕ, ಎರಡು ಹೆಜ್ಜೆ ಹಿಂದೆ ನಿಲ್ಲಿ ಮಾರಾಯ್ರೆ. ಸೇಲಿಗೆ ಜನ ಬರ್ಬೇಕು, ಓಡಿ ಹೋಗ್ಬಾರ್ದು."

ಏನು ಮಾಡುವುದು? ಮೈಕಿಲ್ಲದ ಮೈದಾನಗಳಲ್ಲಿ ಬೆಳೆದ ಗಂಟಲು. ಅಪ್ಪ, ಮುಂಡಪ್ಪ ಮಾಸ್ಟ್ರು, ನಡೆಸುತ್ತಿದ್ದ ನಾಟಕ ತಂಡದಲ್ಲಿ ತೊಟ್ಟಿಲಲ್ಲೇ ಪಾತ್ರ ಮಾಡಿದವಳು ನಾನು. ತಂಡ ಹೋಯಿತು, ಅಪ್ಪ ಹೋದರು, ಗಂಟಲು ಉಳಿಯಿತು. ಈಗ ಅದು ಆಟೋದ ನೆತ್ತಿಯ ಮೇಲೆ ಕೂತು ಬಂಟ್ವಾಳದಿಂದ ಬೆಳ್ತಂಗಡಿವರೆಗೆ ತಿರುಗುತ್ತದೆ, ನಾನಿಲ್ಲದೆ.

ಸಂಜೆ ಮೂಡುಬಿದಿರೆಗೆ ವಾಪಸ್. ಬಸ್‌ಸ್ಟ್ಯಾಂಡ್ ಹಿಂದಿನ ಲೈಬ್ರರಿಯ ಸಾತ್ವಿಕಾ ಕರೆದು ಒಂದು ಪುಸ್ತಕ ಕೈಗಿಟ್ಟಳು. ಹನ್ನೊಂದು ಕಥೆ. ಹಳೆ ಬಂಗಲೆ, ಮುಚ್ಚಿದ ಕೋಣೆ, ಸತ್ತವರಿಂದ ಬರುವ ಕಾಗದ... ಅಕ್ಟೋಬರ್ ಇಪ್ಪತ್ತಕ್ಕೆ ತಿಂಗಳ ಓದು ಉಂಟಂತೆ. ಕೊನೆಯ ಕಥೆಯನ್ನು ನಾನು ಗಟ್ಟಿಯಾಗಿ ಓದಬೇಕಂತೆ.

"ಹೆದರಿಕೆ ಹುಟ್ಟಿಸುವ ಕಥೆಗಳು ಮೇಡಂ. ನಿಮ್ಮ ಸ್ವರಕ್ಕೆ ಸರಿಯಾಗ್ತದೆ."

ಹೊಗಳಿದಳೋ, ಬೈದಳೋ.

ಸೆಪ್ಟೆಂಬರ್ 12, ಗುರುವಾರ. ಮಧ್ಯಾಹ್ನ

ರಂಗ: ಅಡುಗೆಮನೆ. ಹಿನ್ನೆಲೆ ಸಂಗೀತ: ಕುಕ್ಕರ್. ಎರಡನೇ ಕಥೆ ಓದಿದೆ. ನನಗೆ ಮನಸ್ಸಿನೊಳಗೆ ಓದಲು ಬರುವುದಿಲ್ಲ, ಗಟ್ಟಿಯಾಗಿಯೇ ಆಗಬೇಕು.

ಸಮುದ್ರದ ಬದಿಯಲ್ಲಿ ಒಂದು ಉಪ್ಪಿನ ಗೋದಾಮು. ಕಾವಲಿಗೆ ಒಬ್ಬನೇ ಮುದುಕ. ಪ್ರತಿ ಬೆಳಿಗ್ಗೆ ಎದ್ದಾಗ ಕೋಣೆಯಲ್ಲಿ ಒಂದು ಕುರ್ಚಿ ಹೆಚ್ಚು. ಯಾರೂ ತಂದಿಟ್ಟದ್ದಲ್ಲ. ಎಲ್ಲದರ ಮುಖವೂ ಅವನ ಮಂಚದ ಕಡೆಗೆ. "ಏಳಿ! ಏಳಿ! ಯಾರ ಅಪ್ಪಣೆಯಿಂದ ಕೂತಿರಿ!" ಎಂದು ನಾನು ಗುಡುಗುವಾಗ ಕಂಪೌಂಡಿನಾಚೆಯಿಂದ ಪಕ್ಕದ ಮನೆಯ ಬೀಯಮ್ಮ ಕೂಗಿದರು.

"ಅಮ್ಮಣ್ಣೀ, ಯಾರಿಗೆ ಬೈಯುವುದು?"

"ಕುರ್ಚಿಗೆ ಬೀಯಮ್ಮ!"

"ಪಾಪ, ಅದು ಎಂತ ಮಾಡಿದೆ ನಿನಗೆ?"

ನಗು ಬಂತು. ಆದರೂ ಪುಸ್ತಕ ಮುಚ್ಚಿಟ್ಟ ಮೇಲೆ ಏನೋ ಕಿರಿಕಿರಿ. ಈ ಕಥೆ ಬರೆದಾಕೆ ದೆವ್ವವನ್ನು ತೋರಿಸುವುದೇ ಇಲ್ಲ. ದೆವ್ವಕ್ಕಾಗಿ ಕಾಯುವವರನ್ನು ಮಾತ್ರ ತೋರಿಸುತ್ತಾಳೆ. ಇದು ಹೆದರಿಕೆ ಅಲ್ಲ. ಎದೆಯೊಳಗೆ ಯಾರೋ ಒಂದು ಖಾಲಿ ಕುರ್ಚಿ ಎಳೆದ ಹಾಗೆ.

ಸೆಪ್ಟೆಂಬರ್ 14, ಶನಿವಾರ

ನಾಲ್ಕನೇ ಕಥೆ. ಮೂರನೇ ಪುಟದಲ್ಲಿ ಪೆನ್ಸಿಲ್ ಗುರುತು. ಒಂದು ಸಣ್ಣ ಅರ್ಧಚಂದ್ರ. ಇನ್ನೊಂದು ಮೂರು ಸಾಲು ಬಿಟ್ಟು. ಒಂದು ಮಾತಿನ ತಲೆಯ ಮೇಲೆ ಪೂರ್ತಿ ಚಂದ್ರ. ಎರಡು ಚುಕ್ಕೆ.

ಕೈಯಲ್ಲಿದ್ದ ಚಹಾ ಕೈಯಲ್ಲೇ ತಣಿಯಿತು.

ಅರ್ಧಚಂದ್ರ ಎಂದರೆ ಇಲ್ಲಿ ಉಸಿರು ತೆಗೆದುಕೋ. ಪೂರ್ಣಚಂದ್ರ: ಸ್ವರ ಏರಿಸು. ಎರಡು ಚುಕ್ಕೆ: ತಡೆ, ಜನ ಕಾಯಲಿ. ಈ ಭಾಷೆ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಅರ್ಧಚಂದ್ರದ ಹೊಟ್ಟೆ ತಿರುವುಮುರುವು. ಬರೆದವನು ಎಡಗೈಯವನು.

ಪುಸ್ತಕದ ಮೊದಲ ಪುಟ ನೋಡಿದೆ. ಅಚ್ಚಾದದ್ದು ಕಳೆದ ವರ್ಷ.

ಅಂದರೆ ಹಳೆಯ ಗುರುತಲ್ಲ. ಇಲ್ಲೇ ಇದ್ದಾನೆ...

ಸೆಪ್ಟೆಂಬರ್ 15, ಭಾನುವಾರ

ಬರೆದುಬಿಡುತ್ತೇನೆ. ಎಲ್ಲಿಯೂ ಬರೆದಿಟ್ಟಿಲ್ಲ.

ಅಬ್ದುಲ್ ನಾಸಿರ್. ಅಪ್ಪನ ತಂಡದ ಪ್ರಾಂಪ್ಟರ್. ಎಡಗಡೆಯ ಸೈಡ್‌ವಿಂಗಿನಲ್ಲಿ ಮರದ ಸ್ಟೂಲು, ಮಡಿಲಲ್ಲಿ ಸ್ಕ್ರಿಪ್ಟು, ಕಿವಿಯ ಮೇಲೆ ಪೆನ್ಸಿಲು. ಎಲ್ಲರಿಗೂ ಡೈಲಾಗ್ ಎತ್ತಿಕೊಡುತ್ತಿದ್ದ. ಗುರುತು ಹಾಕಿಕೊಡುತ್ತಿದ್ದದ್ದು ನನ್ನ ಪ್ರತಿಗೆ ಮಾತ್ರ. ನಾನು ಗುಡುಗು, ಅವನು ಪಿಸುಮಾತು. ಆರು ವರ್ಷ ನನ್ನ ಒಂದೊಂದು ಮಾತೂ ಮೊದಲು ಅವನ ಬಾಯಲ್ಲಿ ಹುಟ್ಟಿ ಆಮೇಲೆ ನನ್ನದಾಯಿತು.

ನಮ್ಮ ತಂಡದಲ್ಲಿ ಒಂದು ಕಟ್ಟುನಿಟ್ಟು. ಏನೇ ಆಗಲಿ, ಪ್ರಾಂಪ್ಟರ್ ಕಡೆ ತಿರುಗಬಾರದು. ತಿರುಗಿದರೆ ನಾಟಕ ಸತ್ತ ಹಾಗೆ.

1997, ಅಳದಂಗಡಿ, ಶಾಲೆಯ ಮೈದಾನ. ನನಗೆ ಇಪ್ಪತ್ತನಾಲ್ಕು. ಹೀರೋ ಮಾಯಿಲಪ್ಪ ಬಲಗಡೆ ಮಂಡಿಯೂರಿ ಕಾಯುತ್ತಿದ್ದಾನೆ. "ನಿನ್ನ ಸ್ವರ ಕೇಳದ ದಿನ ನಾನು ಮೂಕಿ" — ಅವನಿಗೆ ಹೇಳಬೇಕಾದ ಮಾತು. ನಾನು ಪೂರ್ತಿ ಎಡಕ್ಕೆ ತಿರುಗಿ, ಸೈಡ್‌ವಿಂಗಿಗೆ ಹೇಳಿದೆ. ಮರೆತಲ್ಲ. ನಾಲಿಗೆ ತಪ್ಪಿಯೂ ಅಲ್ಲ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ: "ಓ ಅಮ್ಮಣ್ಣೀ, ಹೀರೋ ಈಚೆ ಇದ್ದಾನೆ!"

ಸಾವಿರ ಜನ ನಕ್ಕರು. ಅಪ್ಪ ನಗಲಿಲ್ಲ. ನಾಸಿರ್ ತಲೆಯೇ ಎತ್ತಲಿಲ್ಲ. ಪುಟ ನೋಡುತ್ತಾ ಮುಂದಿನ ಸಾಲು ಎತ್ತಿಕೊಟ್ಟ.

ಮಾರನೆಯ ದಿನ ಸ್ಟೂಲಿನ ಮೇಲೆ ಬೇರೆಯವರಿದ್ದರು. "ಪ್ರಾಂಪ್ಟರ್ ಬದಲಾಗಿದ್ದಾನೆ. ಇನ್ನು ಬಾಯಿಪಾಠ ಮಾಡು," ಎಂದರು ಅಪ್ಪ. ಅಷ್ಟೇ. ಆಮೇಲೆ ಸೌದಿಯ ದಮಾಮಿನಲ್ಲಿದ್ದಾನೆ ಎಂದು ಯಾರೋ ಹೇಳಿದರು. ಆಮೇಲೆ ಯಾರೂ ಏನೂ ಹೇಳಲಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಐದು, ಆರು, ಏಳನೇ ಕಥೆ. ಗುರುತೇ ಗುರುತು. ಕಥೆಯಲ್ಲಿ ಬಾವಿಯೊಳಗಿಂದ ಮದುಮಗಳು ಕರೆಯುತ್ತಿದ್ದಾಳೆ — ನಾನು ಅರ್ಧಚಂದ್ರ ಹುಡುಕುತ್ತಿದ್ದೇನೆ. ಯಾವ ದೆವ್ವ ಹೆದರಿಸೀತು ನನ್ನನ್ನು!

ಅಣ್ಣನ ಮಗಳು ಅಕ್ಷಿತಾ ಕಾಲೇಜಿನಿಂದ ಬಂದವಳು ಪುಸ್ತಕ ಕಿತ್ತುಕೊಂಡಳು. ಗುರುತಿನ ಅರ್ಥ ಹೇಳಿಕೊಟ್ಟೆ. ಅರ್ಧಚಂದ್ರದಿಂದ ಅರ್ಧಚಂದ್ರಕ್ಕೆ ಓದಲು ಹೋಗಿ ನಡುವೆಯೇ ಕೆಮ್ಮಿದಳು.

"ಎಂತ ಅತ್ತೆ ಇದು? ನಾಲ್ಕು ಸಾಲಿಗೆ ಒಂದೇ ಉಸಿರಾ? ಇದು ಮನುಷ್ಯರಿಗೆ ಅಲ್ಲ."

ಅವಳು ಹೋದ ಮೇಲೆ ನಾನು ಓದಿದೆ. ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆಯಿಂದ ಉಸಿರು ತೆಗೆದು.

ನಾಲ್ಕು ಮಾತು ಬಾಕಿ ಇರುವಾಗ ಉಸಿರು ಮುಗಿಯಿತು.

ಇನ್ನೊಮ್ಮೆ. ಮತ್ತೆ ಅಲ್ಲೇ.

ಆಗ ಗೊತ್ತಾಯಿತು. ಇದು ನನ್ನ ಉಸಿರೇ. ಆದರೆ ಇವತ್ತಿನದ್ದಲ್ಲ. ಇಪ್ಪತ್ತನಾಲ್ಕರ ಉಸಿರು. ಇಪ್ಪತ್ತೇಳು ವರ್ಷ ಹಾಗೆಯೇ ಕಿವಿಯಲ್ಲಿಟ್ಟುಕೊಂಡಿದ್ದಾನೆ. ನನ್ನ ಹತ್ತಿರವೇ ಇಲ್ಲದ್ದು ಅವನ ಹತ್ತಿರ ಉಂಟು.

ಸೆಪ್ಟೆಂಬರ್ 21, ಶನಿವಾರ

ತಡೆಯಲಾಗಲಿಲ್ಲ. ಲೈಬ್ರರಿಗೆ ಹೋದೆ. ನಾಲ್ಕು ಜನ ಪೇಪರ್ ಓದುತ್ತಿದ್ದರು. ನಾನು ಬಾಯಿ ತೆರೆದ ಕೂಡಲೇ ನಾಲ್ವರೂ ತಲೆ ಎತ್ತಿದರು.

"ಸಾತ್ವಿಕಾ, ಈ ಪುಸ್ತಕ ನನಗಿಂತ ಮೊದಲು ಯಾರು ಕೊಂಡುಹೋಗಿದ್ದರು?"

"ಮೆಲ್ಲ ಮೇಡಂ, ಮೆಲ್ಲ! ಹೆಸರು ಹೇಳುವ ಹಾಗಿಲ್ಲ, ರೂಲ್ಸ್ ಉಂಟು. ಒಬ್ಬರೇ ಸರ್, ಮೂರು ಸಲ ಕೊಂಡುಹೋದ್ರು. ಬೆಳ್ತಂಗಡಿಯಿಂದ ಬಸ್ಸಲ್ಲಿ ಬರ್ತಾರೆ. ಅವರು ಮಾತಾಡುವುದು ನನಗೆ ಕೇಳುವುದೇ ಇಲ್ಲ, ಎರಡೆರಡು ಸಲ ಕೇಳ್ಬೇಕು. ನಿಮ್ಮ ಪೂರಾ ಆಪೋಸಿಟ್."

"ಕಿವಿಯ ಮೇಲೆ ಪೆನ್ಸಿಲ್?"

"ಹೌದು! ನಿಮಗೆ ಗೊತ್ತಾ ಅವರು?" ಅವಳ ಸ್ವರ ಇಳಿಯಿತು. "ಓದಲಿಕ್ಕೆ ನಿಮ್ಮನ್ನು ಕರೀಲಿಕ್ಕೆ ಹೇಳಿದ್ದೇ ಅವರು. ಆಟೋದಲ್ಲಿ ಅನೌನ್ಸ್ ಮಾಡುವ ಆ ಸ್ವರ ಯಾರದ್ದೋ ಅವರಿಂದಲೇ ಕೊನೆಯ ಕಥೆ ಓದಿಸಿ ಅಂತ. ನಾನೇ ವಿಚಾರಿಸಿ ನಿಮ್ಮನ್ನು ಹಿಡಿದದ್ದು."

ಅಂದರೆ ಅಲ್ಲಿ, ಬೆಳ್ತಂಗಡಿ ಪೇಟೆಯಲ್ಲಿ, ನಾನು ಸೀರೆ ಮಾರುವುದನ್ನು ನಿಂತು ಕೇಳಿದ್ದಾನೆ. ನನಗಿಷ್ಟು ಸ್ವರ ಯಾಕೆ ಕೊಟ್ಟೆ ದೇವರೇ ಎಂದು ಎಷ್ಟು ಸಲ ಕೇಳಿದ್ದೆ...

"ಇಪ್ಪತ್ತನೇ ತಾರೀಕಿಗೆ ಬರುತ್ತಾರಾ?"

"ಕೇಳಿದೆ ಮೇಡಂ. ಏನೋ ಹೇಳಿದ್ರು. ಕೇಳ್ಲಿಲ್ಲ."

ಮದುವೆ, ಮಕ್ಕಳು — ಅದನ್ನು ನಾನು ವಿಚಾರಿಸಲಿಲ್ಲ. ವಿಚಾರಿಸುವ ಸೀನ್ ಇದಲ್ಲ.

ಸೆಪ್ಟೆಂಬರ್ 28, ಶನಿವಾರ

ಕೊನೆಯ ಕಥೆ. ಇಷ್ಟು ದಿನ ಬೇಕೆಂದೇ ತೆರೆದಿರಲಿಲ್ಲ.

ದೊಡ್ಡ ಮನೆಯಲ್ಲಿ ಒಬ್ಬಳೇ ಹೆಂಗಸು. ಅವಳು ಏನು ಹೇಳಹೊರಟರೂ ಗೋಡೆಯ ಆಚೆಯಿಂದ ಅದೇ ಮಾತನ್ನು ಯಾರೋ ಒಂದು ಕ್ಷಣ ಮೊದಲು ಹೇಳುತ್ತಾರೆ. ಮೊದಲು ಹೆದರುತ್ತಾಳೆ. ಆಮೇಲೆ ಸಿಟ್ಟು. ಆಮೇಲೆ ಅಭ್ಯಾಸ. ಒಂದು ದಿನ ಆ ಸ್ವರ ನಿಲ್ಲುತ್ತದೆ. ಕಥೆ ನಿಜಕ್ಕೂ ಹೆದರಿಸುವುದು ಅಲ್ಲಿಂದ. ಅವಳಿಗೆ ಮಾತೇ ಹೊರಡುವುದಿಲ್ಲ.

ಕೊನೆಯ ವಾಕ್ಯ ಆರು ಸಾಲು. ಒಂದೇ ಒಂದು ಅರ್ಧಚಂದ್ರ ಇಲ್ಲ. ಒಂದೇ ಉಸಿರಿಗೆ ಬಿಟ್ಟಿದ್ದಾನೆ.

ವಾಕ್ಯ ಮುಗಿದಲ್ಲಿ ಒಂದು ಬಾಣದ ಗುರುತು. ಬಾಣ ಎಂದರೆ — ಯಾವ ಕಡೆ ನೋಡಬೇಕು ಎನ್ನುವುದು. ಆರು ವರ್ಷದಲ್ಲಿ ಬಲಕ್ಕೆ ಹಾಕಿದ್ದಾನೆ, ಎದುರಿಗೆ, ಆಕಾಶಕ್ಕೆ, ನೆಲಕ್ಕೆ. ಒಂದು ಕಡೆಗೆ ಮಾತ್ರ ಎಂದೂ ಹಾಕಿದವನಲ್ಲ.

ಈ ಬಾಣ ಎಡಕ್ಕೆ ಉಂಟು.

ಅಕ್ಟೋಬರ್ 15, ಮಂಗಳವಾರ

ಹದಿನೇಳು ದಿನ ಡೈರಿ ಮುಟ್ಟಲಿಲ್ಲ. ನವರಾತ್ರಿ. ದಿನಕ್ಕೆ ಏಳೆಂಟು ರೆಕಾರ್ಡಿಂಗ್. "ಸ್ವಲ್ಪ ಕಡಿಮೆ ಮಾಡುವ ಅಕ್ಕ," ಎಂದ ಮನೀಷ್. ಕೇಳಲಿಲ್ಲ. ಪ್ರತಿ ಅನೌನ್ಸ್‌ಮೆಂಟೂ ಬೆಳ್ತಂಗಡಿಗೆ ಹೋಗುತ್ತದೆ ಎಂದು ಗೊತ್ತಾದ ಮೇಲೆ ಗಂಟಲನ್ನು ಹಿಡಿದು ನಿಲ್ಲಿಸುವುದು ಹೇಗೆ? ಬೇಕಾದ್ದಕ್ಕಿಂತ ಗಟ್ಟಿಯಾಗಿ ಕೂಗಿದೆ. ಹೋಳಿಗೆ ಅಂಗಡಿಗೂ.

ಮೊನ್ನೆ ಗಂಟಲು ಕೈಕೊಟ್ಟಿತು. ಡಾಕ್ಟರ್ ಟಾರ್ಚ್ ಹಾಕಿ ನೋಡಿ, ಐದು ದಿನ ಬಾಯಿ ತೆರೆಯಬೇಡಿ ಎಂದರು. ಇಪ್ಪತ್ತಕ್ಕೆ ಓದಲು ಉಂಟು ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. "ಬೇರೆಯವರು ಓದಲಿ."

ಬೇರೆಯವರು! ಆ ಉಸಿರನ್ನು!

ಬೀಯಮ್ಮ ಕಂಪೌಂಡಿನ ಹತ್ತಿರ ಬಂದು ಹೋದರು. "ನಿನ್ನ ಸದ್ದಿಲ್ಲ ಅಂತ ಹೆದರಿಕೆ ಆಯ್ತು ಮಾರಾಯ್ತಿ." ಕಾಳುಮೆಣಸಿನ ಕಷಾಯ ಕೊಟ್ಟರು.

ಅಕ್ಟೋಬರ್ 19, ಶನಿವಾರ. ಬೆಳಿಗ್ಗೆ

ಐದು ದಿನದ ಮೌನ ಮುಗಿಯಿತು. ಸ್ವರ ಬಂದಿದೆ, ಅರ್ಧ. ಕೊನೆಯ ವಾಕ್ಯ ಮೂರು ಸಲ ಓದಿದೆ. ಮೂರು ಸಲವೂ ಮುಗಿಯಲಿಲ್ಲ. ಆವತ್ತು ಆ ನಾಲ್ಕು ಸಾಲಿಗೆ ನಾಲ್ಕು ಮಾತು ಬಾಕಿ ಇತ್ತು, ಇಲ್ಲಿ ಒಂದು ಸಾಲು.

ನಡುವೆ ಒಂದು ಅರ್ಧಚಂದ್ರ ನಾನೇ ಹಾಕಿಕೊಂಡರೆ? ಅಕ್ಷಿತಾ ಪೆನ್ಸಿಲ್ ಚೂಪು ಮಾಡಿ ತಂದೂ ಕೊಟ್ಟಳು. "ಹಾಕಿ ಅತ್ತೆ, ಯಾರಿಗೆ ಗೊತ್ತಾಗ್ತದೆ?"

ಒಬ್ಬನಿಗೆ ಗೊತ್ತಾಗುತ್ತದೆ. ಬಂದರೆ.

ಹಾಕಲಿಲ್ಲ.

ಅಕ್ಟೋಬರ್ 20, ಭಾನುವಾರ. ಸಂಜೆ ಆರೂವರೆ

ಈಗಲೇ ಬರೆಯಬೇಕು. ಲೈಬ್ರರಿಯ ಹಿಂದಿನ ಕೋಣೆ, ಹಳೆ ಪೇಪರಿನ ಕಟ್ಟುಗಳ ಮೇಲೆ ಕೂತಿದ್ದೇನೆ.

ನಾಲ್ಕು ಗಂಟೆಗೆ ಶುರು. ಮೂವತ್ತು ಜನ ಇರಬಹುದು. ಒಂದೊಂದು ಮುಖವೂ ನೋಡಿದೆ. ಇಲ್ಲ. ಎಡಗಡೆ ಪುಸ್ತಕದ ಕಪಾಟಿನ ಮರೆಯಲ್ಲಿ ಒಂದು ಖಾಲಿ ಸ್ಟೂಲು ಇತ್ತು. ಸರಿ, ಬರಲಿಲ್ಲ ಎಂದುಕೊಂಡೆ. ಗೋದಾಮಿನ ಮುದುಕ ನೆನಪಾದ.

ಸಾತ್ವಿಕಾ ಮೈಕ್ ತಂದಳು. ಜೀವನದಲ್ಲಿ ಮೊದಲ ಸಲ, ಜನರೆದುರು ಮೈಕ್ ಬೇಡ ಎನ್ನಲಿಲ್ಲ.

ಓದಿದೆ. ಗುಡುಗಿಲ್ಲದ ಸ್ವರ. ಒಡಕು. ಆದರೂ ಅರ್ಧಚಂದ್ರ ಅರ್ಧಚಂದ್ರವಾಗಿ ದಾಟಿದೆ, ಚುಕ್ಕೆ ಬಂದಲ್ಲಿ ತಡೆದೆ. ಜನ ಉಸಿರು ಬಿಗಿಹಿಡಿದಿದ್ದರು. ಕೊನೆಯ ವಾಕ್ಯ ಬಂತು. ಎಷ್ಟು ಸಾಧ್ಯವೋ ಅಷ್ಟು ಗಾಳಿ ತುಂಬಿಕೊಂಡೆ.

"ಗೋಡೆಯ ಆಚೆ ಯಾರೂ ಇಲ್ಲವೆಂದು, ಎಂದೂ ಇರಲೇ ಇಲ್ಲವೆಂದು, ಮನೆ ಕಟ್ಟಿದವರೇ ಬಂದು ಆಣೆಯಿಟ್ಟು ಹೇಳಿದ ಮೇಲೂ ಅವಳು ದೀಪ ಹಚ್ಚುವ ಮೊದಲು, ಬಾಗಿಲು ಹಾಕುವ ಮೊದಲು, ಯಾರನ್ನಾದರೂ ಹೆಸರು ಹಿಡಿದು ಕರೆಯುವ ಮೊದಲು, ಒಂದು ಕ್ಷಣ..."

ಮುಗಿಯಿತು. ಎದೆಯೊಳಗೆ ಏನೂ ಇಲ್ಲ. ಅಕ್ಷರ ಕಣ್ಣೆದುರೇ ಉಂಟು, ಹೇಳಲು ಉಸಿರಿಲ್ಲ. ಮೂವತ್ತು ಜನ. ಫ್ಯಾನಿನ ಸದ್ದು.

ಆಗ ಎಡಗಡೆಯಿಂದ. ಪಿಸುಮಾತು. ಮೂವತ್ತು ಜನರಲ್ಲಿ ಒಬ್ಬರಿಗೂ ಕೇಳಿಸದ, ನನಗೊಬ್ಬಳಿಗೇ ಕೇಳುವ ಅಳತೆಯಲ್ಲಿ:

"ಕಿವಿಗೊಟ್ಟು ಕಾಯುತ್ತಿದ್ದಳು."

ಹೇಳಿದೆ. ಎಲ್ಲಿಂದ ಬಂತೋ ಉಸಿರು. ಜನ ಚಪ್ಪಾಳೆ ತಟ್ಟಿದರೇನೋ. ಬಾಣ ನೋಡಿದೆ. ತಿರುಗಿದೆ, ಪೂರ್ತಿ ಎಡಕ್ಕೆ. ಆವತ್ತು ಅಳದಂಗಡಿಯಲ್ಲಿ ತಿರುಗಿದ ಹಾಗೆಯೇ.

ಸ್ಟೂಲಿನ ಮೇಲೆ ಕೂತಿದ್ದ. ತಲೆ ಪೂರ್ತಿ ನರೆತಿದೆ. ಕಿವಿಯ ಮೇಲೆ ಪೆನ್ಸಿಲು. ಆವತ್ತಿನ ಹಾಗೆಯೇ ತಲೆ ತಗ್ಗಿಸಿ ಮಡಿಲನ್ನೇ ನೋಡುತ್ತಿದ್ದ, ಪುಟ ನೋಡುವ ಹಾಗೆ.

ಮಡಿಲಲ್ಲಿ ಪುಸ್ತಕ ಇರಲಿಲ್ಲ. ಖಾಲಿ ಕೈ ಎರಡು.

ನಾನು ಮೈಕ್ ಕೆಳಗಿಟ್ಟೆ. ಕರೆದೆ. ನನ್ನ ಸ್ವರದಲ್ಲಿ ಅಲ್ಲ, ಅವನ ಸ್ವರದಲ್ಲಿ, ಅಷ್ಟೇ ಮೆಲ್ಲ.

"ನಾಸಿರ್, ಹೀರೋ ಈಚೆ ಇಲ್ಲ. ಆವತ್ತೂ ಇರಲಿಲ್ಲ."

ತಲೆ ಎತ್ತಿದ. ಆಮೇಲೆ... ಬಾಗಿಲಾಚೆಯಿಂದ ಪಿಸುಮಾತಿನಲ್ಲಿ ಕರೆಯುತ್ತಿದ್ದಾನೆ, ಉಳಿದದ್ದು ನಾಳೆ.