ಹದಿನಾಲ್ಕರಲ್ಲಿ ಐದು

ಮಾರ್ಚ್ ೧೯, ಭಾನುವಾರ ಮಧ್ಯಾಹ್ನ

ಪ್ರೀತಿಯ ದಡಬಡಿಗೆ,

ಕವರು ಒಡೆಯುವ ಮೊದಲೇ ನೀನು ಬೈಯೋಕೆ ಶುರುಮಾಡಿರ್ತೀ ಅಂತ ಗೊತ್ತು. ಬೈದು ಮುಗಿಸಿ, ನೀರು ಕುಡಿದು, ಆಮೇಲೆ ಓದು. ಈ ತಿಂಗಳಲ್ಲಿ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಾನು "ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಿದ್ದೀನಿ ಕಣೇ, ಬಂದ ಕೂಡಲೇ ನಿನ್ನ ಫೈಲ್ ಕಳಿಸ್ತೀನಿ" ಅಂತ ಸಾಗಹಾಕಿದೆ. ಉಳಿದದ್ದನ್ನು ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಬರೆಯುವಾಗಲಾದರೂ ನೀನು ಮಧ್ಯೆ ಬಾಯಿ ಹಾಕುವುದಿಲ್ಲ.

ನಿನ್ನ ಮಂಡಿ ಹೇಗಿದೆ? ಇಲ್ಲಿ ನಾವಿಬ್ಬರೂ ಹೇಗೋ ಓಡಾಡಿಕೊಂಡಿದ್ದೇವೆ. ಇವರಿಗೆ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಈಗ ಮನೆಯ ಮೂಲೆಮೂಲೆಯ ಧೂಳೂ ಕಾಣಿಸುತ್ತದಂತೆ. ನನ್ನನ್ನು ಕರೆದು ತೋರಿಸುತ್ತಾರೆ, ಪೊರಕೆ ಮುಟ್ಟುವುದಿಲ್ಲ. ಶಾಲೆಯಲ್ಲಿ ಪರೀಕ್ಷೆ ಮುಗಿದು ಅಂಕ ತುಂಬುವ ಕಾಲ. ಉಪಮುಖ್ಯೋಪಾಧ್ಯಾಯಿನಿ ಅಂದರೆ ಎಲ್ಲರ ಅಂಕವನ್ನೂ ಅವಳೇ ತುಂಬಬೇಕು ಅಂತ ಯಾವ ಪುಣ್ಯಾತ್ಮ ಬರೆದಿಟ್ಟನೋ. ಸಾಕಾಗಿ ಹೋಗಿದೆ. ಮನೆಗೆ ಬಂದು ಚಪ್ಪಲಿ ಬಿಡೋಕೂ ಬಗ್ಗಲಾರೆ.

ಲ್ಯಾಪ್‌ಟಾಪಿನ ಕಾಯಿಲೆ ಶುರುವಾದದ್ದು ಜನವರಿ ಕೊನೆಗೆ. ಮೊದಮೊದಲು ಟೈಪ್ ಮಾಡುತ್ತಿದ್ದ ಹಾಗೇ ಪರದೆ ಸ್ತಬ್ಧವಾಗುತ್ತಿತ್ತು. ಒಂದು ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವಂತೆ ಮುಂದುವರಿಯುತ್ತಿತ್ತು. ಇವರು "ಬಿಸಿಯಾಗಿರಬೇಕು" ಅಂತ ಪಕ್ಕದಲ್ಲಿ ಟೇಬಲ್ ಫ್ಯಾನ್ ತಂದಿಟ್ಟರು. ಅದರ ಗಾಳಿಗೆ ಉತ್ತರಪತ್ರಿಕೆಗಳು ಹಾರಿದವೇ ಹೊರತು ಬೇರೇನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ, ಡಿಸ್ಕೇ ಸಿಗುತ್ತಿಲ್ಲ ಅಂತ ಬಿಳಿ ಅಕ್ಷರದಲ್ಲಿ ಒಂದು ಸಾಲು. ಆಫ್ ಮಾಡಿ, ಅಡುಗೆ ಮುಗಿಸಿ ಬಂದು ಮತ್ತೆ ಆನ್ ಮಾಡಿದೆ. ಚೆನ್ನಾಗಿಯೇ ಬಂತು. ಬಂತಲ್ಲ ಅಂತ ನಾನೂ ಮರೆತೆ.

ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರಿಗೆ ಹೇಳಿದ್ದಕ್ಕೆ "ಇಡೀ ಡಿಸ್ಕ್ ಒಂದ್ಸಲ ಚೆಕ್ ಮಾಡಿಸಿ ಮೇಡಂ, ತಪ್ಪಿದ್ದರೆ ಅದೇ ಸರಿಮಾಡಿಕೊಳ್ಳುತ್ತೆ" ಅಂದರು. ಒಂದು ಶನಿವಾರ ಪೂರ್ತಿ ಅದನ್ನು ಓಡಿಸಿದೆ. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಏದುಸಿರು ಬಿಡುತ್ತಿರುವವಳನ್ನು ಮಹಡಿ ಹತ್ತಿಸಿದ ಹಾಗಾಯಿತು. ಸಂಜೆಗೆ ಪರದೆ ಮತ್ತೆ ಕಪ್ಪಾಯಿತು. ಈ ಸಲ ಎಷ್ಟು ಹೊತ್ತು ಬಿಟ್ಟರೂ ಬರಲಿಲ್ಲ.

ಸೋಮವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ ರಿಪೇರಿ ಅಂಗಡಿಗೆ ಹೋದೆ. ಕನ್ನಡಕದ ಅಂಗಡಿಯ ಮೇಲಿನ ಮಹಡಿ, ಒಂದೇ ಕೋಣೆ. ನಡೆಸುವವಳು ನಮ್ಮ ವಯಸ್ಸಿನ ಹೆಂಗಸು. ಬೀದಿಯವರೆಲ್ಲ ಅವಳನ್ನು ಸ್ಕ್ರೂ ಅಕ್ಕ ಅನ್ನುತ್ತಾರೆ. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಎಣಿಸಿ ಆಯಸ್ಕಾಂತದ ತಟ್ಟೆಗೆ ಹಾಕುತ್ತಾಳೆ. ಎಣಿಸುವಾಗ ಯಾರೂ ಮಾತಾಡಿಸುವ ಹಾಗಿಲ್ಲ. ನನ್ನ ಕಥೆಯೆಲ್ಲ ಕೇಳಿ ಅವಳು, "ಡಿಸ್ಕ್ ಬಗ್ಗೆ ಅನುಮಾನ ಬಂದರೆ ಮೊದಲು ಕಾಪಿ, ಆಮೇಲೆ ಪರೀಕ್ಷೆ. ಎಲ್ಲರೂ ಉಲ್ಟಾ ಮಾಡ್ತಾರೆ" ಅಂದಳು. ಬೈದ ಹಾಗೆ ಅಲ್ಲ, ದಿನಾ ಹೇಳಿ ಹೇಳಿ ಸುಸ್ತಾದವಳ ಹಾಗೆ. ಅದೇ ದನಿಯಲ್ಲಿ ನಾನೂ ತರಗತಿಯಲ್ಲಿ ಮಾತಾಡುತ್ತೇನೆ, ಅದಕ್ಕೇ ಗುರುತಾಯಿತು.

ಹಿಂದಿನ ಮುಚ್ಚಳ ತೆಗೆದು ಡಿಸ್ಕನ್ನು ತೋರಿಸಿದಳು. ಎಸ್‌ಎಸ್‌ಡಿ ಅಂತೆ, ಬೆರಳಿನಷ್ಟು ಉದ್ದದ ಒಂದು ತೆಳು ಪಟ್ಟಿ. ಹನ್ನೊಂದು ವರ್ಷದ ನನ್ನ ಬದುಕು ಇಷ್ಟೇನಾ ಅನ್ನಿಸಿತು. ತಪ್ಪು ಲ್ಯಾಪ್‌ಟಾಪಿನದ್ದೋ ಡಿಸ್ಕಿನದ್ದೋ ನೋಡೋಣ ಅಂತ ಅದನ್ನು ಕಿತ್ತು, ಒರೆಸಿ, ಬೇರೊಂದು ಡಬ್ಬಿಯಲ್ಲಿ ಕೂರಿಸಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಕಾಣಿಸಿಕೊಂಡಿತು. ಹತ್ತು ಹನ್ನೆರಡು ನಿಮಿಷ ಇದ್ದು ಮಾಯವಾಯಿತು.

"ಡಿಸ್ಕಿನದ್ದೇ" ಅಂದಳು. "ಹಳೇ ಹಾರ್ಡ್‌ಡಿಸ್ಕ್ ಆದ್ರೆ ಕಟಕಟ ಸದ್ದು ಮಾಡಿ ಹೇಳ್ತಿತ್ತು. ಇದು ಮೂಗ. ಹೇಳದೆ ಕೇಳದೆ ಹೊರಟುಬಿಡುತ್ತೆ. ತಣ್ಣಗಾಗೋಕೆ ಬಿಟ್ಟು ಬಿಟ್ಟು ಎಷ್ಟು ಸಿಗುತ್ತೋ ಅಷ್ಟು ಎತ್ತಿಕೊಳ್ಳೋಣ. ಯಾವುದು ಮೊದಲು ಬೇಕು, ಹೇಳಿ ಮೇಡಂ."

ಈಗ ಹೇಳುವುದನ್ನು ಸಮಾಧಾನದಿಂದ ಓದು. ನಾನು "ಅಂಕಪಟ್ಟಿ" ಅಂದೆ. ಯೋಚನೆ ಮಾಡಲೇ ಇಲ್ಲ, ಬಾಯಿಗೆ ಬಂತು. ನಾಲ್ಕು ವಿಭಾಗ, ನೂರ ಅರವತ್ತೆರಡು ಮಕ್ಕಳು, ಶುಕ್ರವಾರ ಗಡುವು. ಎರಡನೆಯದು, ಮನೆಯ ಕಾಗದಪತ್ರ, ಇವರ ಕಣ್ಣಿನ ರಿಪೋರ್ಟು. ಆಮೇಲೆ, ಮೂರನೆಯದಾಗಿ, "ನನ್ನ ಸ್ನೇಹಿತೆಯ ಒಂದು ಪುಸ್ತಕ ಇದೆ" ಅಂದೆ. ನೀನು ಬರೆದಿದ್ದ ನೋಟ್‌ಬುಕ್ಕುಗಳು ಮನೆ ಬದಲಾಯಿಸುವಾಗ ರದ್ದಿಗೆ ಹೋದದ್ದು ನನಗೆ ಗೊತ್ತಿತ್ತು. ಟೈಪ್ ಮಾಡಿಸಿದ ಪೆನ್‌ಡ್ರೈವ್ ಕಳೆದದ್ದೂ ಗೊತ್ತಿತ್ತು. ಲೋಕದಲ್ಲಿ ಅದು ಉಳಿದಿದ್ದದ್ದು ಆ ಪಟ್ಟಿಯಲ್ಲಿ ಮಾತ್ರ ಅಂತ ಗೊತ್ತಿದ್ದೂ ನಿನ್ನನ್ನು ಮೂರನೆಯ ಸಾಲಿನಲ್ಲಿ ನಿಲ್ಲಿಸಿದೆ. ಇನ್ನೂ ಕೇಳು: ಆ ಅಂಕಗಳೆಲ್ಲ ಕಾಗದದ ಮೇಲೆ, ನನ್ನ ಕೈಬರಹದಲ್ಲೇ, ಸ್ಟಾಫ್ ರೂಮಿನ ಬೀರುವಿನಲ್ಲಿ ಇದ್ದವು. ಆ ಹೊತ್ತಿಗೆ ಹೊಳೆಯಲೇ ಇಲ್ಲ.

ಅಂಕಪಟ್ಟಿ ಬಂತು. ಕಾಗದಪತ್ರ ಬಂತು. ನಿನ್ನ ಫೋಲ್ಡರ್ ತೆರೆದಾಗ ಹದಿನಾಲ್ಕು ಅಧ್ಯಾಯ, ಹದಿನಾಲ್ಕು ಫೈಲು ಕಂಡವು. ಒಂದು, ಎರಡು, ಮೂರು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಡಿಸ್ಕ್ ಮಾಯ. ಸ್ಕ್ರೂ ಅಕ್ಕ ಕಿತ್ತಳು, ಕಾದಳು, ಮತ್ತೆ ಸಿಕ್ಕಿಸಿದಳು. ನಾಲ್ಕು, ಐದು. ಮತ್ತೆ ಮಾಯ. ಅವಳು ಊಟಕ್ಕೂ ಏಳಲಿಲ್ಲ. ಆಮೇಲೆ ಎಷ್ಟು ಸಲ ಸಿಕ್ಕಿಸಿದರೂ ಅಲ್ಲೊಂದು ಡಿಸ್ಕ್ ಇದೆ ಅನ್ನುವುದೇ ಕಂಪ್ಯೂಟರಿಗೆ ತಿಳಿಯಲಿಲ್ಲ. "ದೊಡ್ಡ ಲ್ಯಾಬಿಗೆ ಕಳಿಸಿ ನೋಡ್ತೀನಿ, ಆದರೆ ಆಸೆ ಇಟ್ಕೋಬೇಡಿ" ಅಂದಳು. ನಾನು ಇಟ್ಟುಕೊಂಡೆ. ಹದಿನೆಂಟು ದಿನ ಇಟ್ಟುಕೊಂಡೆ. ನಿನ್ನ ಫೋನುಗಳಿಗೆ ಸುಳ್ಳು ಹೇಳಿದ್ದು ಆ ಆಸೆಯ ಮೇಲೆ. ಮೊನ್ನೆ ಗುರುವಾರ ಲ್ಯಾಬಿನವರು ಏನೂ ಸಿಗಲಿಲ್ಲ ಅಂತ ತಿಳಿಸಿದರು.

ಹೊಸ ಡಿಸ್ಕ್ ಹಾಕಿಸಿದ್ದಾಯಿತು. ಲ್ಯಾಪ್‌ಟಾಪ್ ಈಗ ಕುದುರೆಯ ಹಾಗೆ ಓಡುತ್ತದೆ. ಅದನ್ನು ಕಂಡರೆ ಸಿಟ್ಟು ಬರುತ್ತದೆ.

ಸಿಕ್ಕಿದ ಐದು ಅಧ್ಯಾಯಗಳನ್ನು ಪ್ರಿಂಟ್ ತೆಗೆಸಿ, ನಿನ್ನೆ ಶಾಲೆ ಮುಗಿದ ಮೇಲೆ ಖಾಲಿ ತರಗತಿಯಲ್ಲಿ ಕೊನೆಯ ಬೆಂಚಿನ ಮೇಲೆ ಕೂತು ಓದಿದೆ. ಬಸ್ ಕಂಡಕ್ಟರ್ ಹೆಂಗಸು ಹೆರಿಗೆ ನೋವು ತಿನ್ನುತ್ತಲೇ "ರೈಟ್, ರೈಟ್" ಅಂತ ಕೂಗಿದ್ದನ್ನು ಓದಿ ಒಬ್ಬಳೇ ನಕ್ಕೆ. ಜವಾನ ಬಂದು ಇಣುಕಿ ಹೋದ. ಮಗು ಅಳದೇ ಇದ್ದ ಆ ಹೆರಿಗೆಯಲ್ಲಿ, ತಾಯಿ "ಸಿಸ್ಟರ್, ಯಾಕೆ ಸುಮ್ಮನಿದ್ದೀರಿ?" ಅಂತ ಕೇಳುತ್ತಾಳಲ್ಲ, ನೀನು ಅವಳ ಕಾಲಿನ ಮೇಲೆ ಹೊದಿಕೆ ಸರಿಮಾಡುತ್ತಾ ನಿಂತೆ ಅಂತ ಬರೆದಿದ್ದೀ, ಅಷ್ಟೇ. ಒಂದು ಮಾತು ಹೆಚ್ಚಿಲ್ಲ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನೀನು ಇಷ್ಟೆಲ್ಲ ನೋಡಿಕೊಂಡು, ಸಂಜೆ ನನಗೆ ಫೋನ್ ಮಾಡಿ ಹುಳಿ ಜಾಸ್ತಿಯಾದರೆ ಏನು ಮಾಡಬೇಕು ಅಂತ ಕೇಳುತ್ತಿದ್ದೆಯಲ್ಲ.

ನಿನ್ನ ಪುಸ್ತಕ ಕೇಳಿದ್ದಾರಲ್ಲ, ಆ ನರ್ಸಿಂಗ್ ತರಬೇತಿ ಶಾಲೆಯವರಿಗೆ ಈ ಐದನ್ನು ಕೊಡು. ಪ್ರಿಂಟು ಇದರ ಜೊತೆಗೇ ಇದೆ, ಫೈಲುಗಳನ್ನೂ ನಿನಗೆ, ನಿನ್ನ ಮಗಳಿಗೆ ಇಬ್ಬರಿಗೂ ಕಳಿಸಿದ್ದೇನೆ. ಉಳಿದ ಒಂಬತ್ತನ್ನು ಮತ್ತೆ ಬರೆ ಅಂತ ಹೇಳಲು ನನಗೆ ಯಾವ ಮುಖ. ನೀನಾಗಿ ಬರೆಯುತ್ತೀ ಅಂದರೆ ರಜೆಯಲ್ಲಿ ಬಂದು ಕೂರುತ್ತೇನೆ, ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ. ನೋಟ್‌ಬುಕ್ಕಿನಲ್ಲಿ, ಪೆನ್ನಿನಲ್ಲಿ.

ಮಂಡಿಗೆ ದಿನಾ ಶಾಖ ಕೊಡು. ಮೊಮ್ಮಗಳಿಗೆ ನನ್ನ ಹೆಸರು ಹೇಳಿ ಒಂದು ಮುತ್ತು ಕೊಡು. ನಿಮ್ಮ ಮನೆಯಲ್ಲಿ ಎಲ್ಲರೂ ತಣ್ಣಗಿರಲಿ.

ನಿನ್ನ ಹಾಸ್ಟೆಲ್ ಕಾಲದ
ತೂಕಡಿಕೆ

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಕಾಪಿ ಶುರುಮಾಡುವ ಮೊದಲು ಸ್ಕ್ರೂ ಅಕ್ಕ ನಿನ್ನ ಫೈಲುಗಳ ತಾರೀಖು ನೋಡಿ ಒಂದು ಮಾತು ಕೇಳಿದಳು. "ತಂದು ಹಾಕಿದ ದಿನ ಬಿಟ್ಟರೆ ಇದನ್ನ ಒಂದ್ಸಲಾನೂ ತೆರೆದಿಲ್ವಲ್ಲ ಮೇಡಂ. ನಿಜವಾಗ್ಲೂ ಬೇಕಾ?" ಎರಡು ವರ್ಷದ ಹಿಂದೆ ಫೋನಿನಲ್ಲಿ ನಾನು "ಓದಿದೆ ಕಣೇ, ಚೆನ್ನಾಗಿದೆ, ಸ್ವಲ್ಪ ಉದ್ದ ಆಯ್ತು ಅಷ್ಟೇ" ಅಂದಿದ್ದೆ. ನೀನು "ಹೌದು, ನನಗೂ ಹಾಗೇ ಅನ್ನಿಸಿತ್ತು" ಅಂದೆ. ಆಮೇಲೆ ನೀನು ಬರೆಯಲೇ ಇಲ್ಲ. ನಾನು ಆಗ ಓದಿರಲಿಲ್ಲ. ಒಂದು ಪುಟವೂ ಓದಿರಲಿಲ್ಲ. ಓದಿದವರು ಏನಾದರೊಂದು ತಪ್ಪು ಹೇಳಬೇಕಲ್ಲ ಅಂತ ಬಾಯಿಗೆ ಬಂದದ್ದು ಹೇಳಿದೆ. ಈಗ ಓದಿದ್ದೇನೆ. ಉದ್ದ ಆಗಿಲ್ಲ.