ಬಾಗಿಲು ಹಾಕಿದವರು

ಅಮ್ಮಾ,

ಇವತ್ತು ಕೇಸಿನ ತೀರ್ಪು ಬಂತು. ನೀನು ತೀರಿಹೋಗಿ ಎಂಟು ತಿಂಗಳಾದ್ದರಿಂದ ನಿನ್ನ ಹೆಸರು ಬಿಟ್ಟಿದ್ದಾರೆ. ನಿನ್ನೊಟ್ಟಿಗೆ ಇಷ್ಟು ವರ್ಷ ಮೀನು ಮಾರಿದ ಹೇಮಕ್ಕನಿಗೆ ಐದು ವರ್ಷ ಜೈಲು.

ನ್ಯಾಯಾಧೀಶರು ಓದುವುದು ನನಗೆ ನೀರಿನಡಿಯಿಂದ ಕೇಳಿದ ಹಾಗಿತ್ತು. ಬಂದರಿನ ಆ ಐಸ್ ಗೋಡೌನು, ಹೇಮಕ್ಕನ ಮೈಮೇಲೆ ಕೈ ಹಾಕಿದ ಮೇನೇಜರ್, ನಿನ್ನ ಕೈಯ ಕಬ್ಬಿಣದ ಸಲಾಕೆ, ಅದರಿಂದ ಅವನಿಗೆ ಬಿದ್ದ ಪೆಟ್ಟು, ಎಲ್ಲ ತೇಲಿ ಬಂದವು. ಹೇಮಕ್ಕ ಹೊಡೆಯಲೇ ಇಲ್ಲ, ಅವನನ್ನು ಹಿಡಿದುಕೊಂಡದ್ದು ಮಾತ್ರ ಎಂದು ವಕೀಲರು ವಾದಿಸಿದ್ದರು.

“ಒಂದೇ ಉದ್ದೇಶದಿಂದ ಹೋದ ಮೇಲೆ ಹೊಡೆದವರು, ಹಿಡಿದವರು, ಬಾಗಿಲು ಹಾಕಿದವರು ಎಲ್ಲರೂ ಒಂದೇ” ಎಂದರು ನ್ಯಾಯಾಧೀಶರು.

ಬಾಗಿಲು ಹಾಕಿದ್ದೂ ನೀನೇ ಎಂದು ಕೋರ್ಟಿನ ಕಾಗದದಲ್ಲಿ ಉಂಟು. ಚಿಲಕ ಎಳೆದ ನಾನು ಆ ದಿನ ಮನೆಯಲ್ಲೇ ಇದ್ದೆ ಎಂದು ನೀನು ಪೊಲೀಸರಿಗೆ ಹೇಳಿದ್ದೆಯಲ್ಲ.

ವರಾಂಡದಲ್ಲಿ ಮಹಿಳಾ ಪೊಲೀಸರ ನಡುವಿನಿಂದ ಹೇಮಕ್ಕ ನನ್ನನ್ನು ಕರೆದಳು.

“ಎಂತ ಮಾರಾಯ್ತಿ, ಇನ್ನೂ ನಿಂತದ್ದು? ಮಾನ್ಯಾಳಿಗೆ ಶಾಲೆ ಬಿಡುವ ಹೊತ್ತಾಯಿತು. ಇನ್ನು ನನ್ನ ಮಗಳು ನಿನ್ನೊಟ್ಟಿಗೇ ಇರಲಿ.”

“ಹೇಮಕ್ಕ, ಆ ಬಾಗಿಲು...”

“ಬಾಗಿಲು ನಿನ್ನಮ್ಮ ಲಕ್ಷ್ಮಕ್ಕ ಹಾಕಿದ್ದು. ನೀನು ಹೋಗು.”

ನಾನು ಹೋದೆ, ಅಮ್ಮಾ.

ಬಸ್ಸಿನಲ್ಲಿ ಮಾನ್ಯಾ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಕಿಟಕಿಯ ಬಿಸಿಲು ಅವಳ ಕೆನ್ನೆಯ ಮೇಲೆ ಅಲುಗಾಡುತ್ತಿತ್ತು. ನಾವು ಇಳಿಯುವ ಸ್ಟಾಪ್ ಬಂದಾಗ ಕಂಡಕ್ಟರ್ “ಪಡೀಲ್, ಪಡೀಲ್” ಎಂದು ಕೂಗಿದ. ಎಬ್ಬಿಸಿದರೆ ಅವಳು ಅಮ್ಮ ಎಲ್ಲಿ ಎಂದು ಕೇಳುತ್ತಾಳೆ.

ನಾನು ಇಳಿಯಲಿಲ್ಲ.