ಹೊರಡುವಾಗ ಅನ್ನುವ ಮಾತು

ಅಪ್ಪ,

ನನ್ನ ಅಂತರಿಕ್ಷದ ಕಾದಂಬರಿಯನ್ನು ಸಂಪಾದಕರು ಇವತ್ತು ಒಪ್ಪಿಕೊಂಡರು. ಹಡಗಿನಲ್ಲಿ ಗಾಳಿ ಎಲ್ಲಿಂದ, ನೀರು ಎಲ್ಲಿಂದ, ಎಲ್ಲವೂ ನಂಬುವ ಹಾಗಿದೆಯಂತೆ. ಜನ ಹಡಗು ಹತ್ತಿ ಭೂಮಿ ಬಿಡುವ ಪುಟದಲ್ಲಿ ಮಾತ್ರ ಪೆನ್ಸಿಲಿನ ಗೆರೆ ಎಳೆದಿದ್ದರು. "ಇವರು ವಾಪಸ್ ಬರೋದೇ ಇಲ್ವಲ್ಲ, ಹೊರಡುವಾಗ 'ಬರ್ತೀವಿ' ಅಂತ ಯಾಕಂತಾರೆ?"

ಮೊದಲ ಕರಡು ಓದಿ ನೀನು ಕೇಳಿದ್ದೂ ಅದನ್ನೇ. "ಕಂಡಕ್ಟರ್ ಬುದ್ಧಿ ಬಿಡಪ್ಪ, ಕತೆಗೂ ಟಿಕೆಟ್ ಕೇಳ್ತೀಯ" ಎಂದು ನಿನ್ನ ಬಾಯಿ ಮುಚ್ಚಿಸಿದ್ದೆ.

ಸಂಪಾದಕರಿಗೆ, "ಜನ ಹಾಗೇ ಅಂತಾರೆ ಸಾರ್, ಇರ್ಲಿ" ಎಂದೆ.

ಆಪರೇಷನ್ನಿಗೆ ಒಳಗೆ ಹೋಗುವಾಗ, ಕೊನೆಯ ಸಲ, ನೀನು "ಬರ್ತೀನಮ್ಮ" ಎಂದೆ. ನಾನು ಫೋನಿನಲ್ಲಿ ಇದೇ ಕರಡು ತಿದ್ದುತ್ತಾ, ತಲೆ ಎತ್ತದೆ "ಹೂಂ" ಎಂದೆ.

ಇವತ್ತು ಆ ಪುಟಕ್ಕೆ ಒಂದು ಸಾಲು ಸೇರಿಸಿದೆ. ಕೆಳಗೆ ನಿಂತವರೆಲ್ಲ ತಲೆ ಎತ್ತಿ, "ಹೋಗಿ ಬನ್ನಿ" ಎಂದರು.